ಹುಲ್ಲುಮನುಷ್ಯನ ಸಮಾಧಿ

ಷಿಮೆನ್ ಬಂದರು, ದೈಶಾನ್ ದ್ವೀಪ
ಚಿಂಗ್‌ಮಿಂಗ್ ಹಬ್ಬದ ಮಾರನೆಯ ದಿನ, ೨೦೨೩ರ ಏಪ್ರಿಲ್ ೬

ಪ್ರೀತಿಯ ರೂಯಿ,

ಇದನ್ನು ಬರೆಯುತ್ತಿರುವವಳು ಲೆ ಪೈಜೆನ್. ವೆಂಗ್ ಮನೆತನದ ಹಿರಿಯ ಸೊಸೆ, ಕಪ್ತಾನ ವೆಂಗ್ ಶೌಝಂಗ್ ಅವರ ಹೆಂಡತಿ, ಈ ಹೊಸವರ್ಷದಿಂದೀಚೆಗೆ ಅವರ ವಿಧವೆ. ನಿಂಗ್ಬೊದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕೊನೆಯ ತರಗತಿ ಪಾಸು ಮಾಡಿದವಳು. ಆ ಕಾಲಕ್ಕೆ ಈ ಊರಿಗೆ ಅಷ್ಟು ಓದಿದ ಬೇರೆ ಸೊಸೆ ಬಂದಿರಲಿಲ್ಲ. ಈಗ ಬದುಕಿರುವ ವೆಂಗರಲ್ಲಿ ನನಗಿಂತ ಹಿರಿಯರು ಯಾರೂ ಇಲ್ಲ. ಪಿತೃಗಳಿಗೆ ಮೊದಲ ಧೂಪ ಹಚ್ಚುವ ಕೈ ನನ್ನದು. ಸ್ವಂತ ಮೊಮ್ಮಗಳಿಗೆ ಬರೆಯುವಾಗ ಅಜ್ಜಿ ಇದನ್ನೆಲ್ಲ ಯಾಕೆ ಒದರುತ್ತಿದ್ದಾಳೆ ಎಂದು ನಗಬೇಡ. ಮುಂದೆ ಯಾವತ್ತಾದರೂ ‘ಇದನ್ನು ಮಾಡಿದ್ದು ಯಾರು, ಯಾವ ಅಧಿಕಾರದಿಂದ’ ಎಂದು ಯಾರಾದರೂ ಕೇಳಿದರೆ ನೀನು ಈ ಕಾಗದವನ್ನು ಮುಂದೆ ಹಿಡಿಯಬೇಕು. ಅದಕ್ಕೇ ಮೊದಲ ಸಾಲಿನಲ್ಲೇ ಬರೆದಿಟ್ಟಿದ್ದೇನೆ.

ನಿನ್ನ ಬೆನ್ನುನೋವು ಹೇಗಿದೆ? ಮಧ್ಯರಾತ್ರಿಯಿಂದ ನಾಲ್ಕರವರೆಗಿನ ಪಾಳಿ ಈಗಲೂ ನಿನ್ನದೇ ಇರಬೇಕು, ಎರಡನೇ ಅಧಿಕಾರಿಗೆ ಅದು ತಪ್ಪಿದ್ದಲ್ಲ. ಪಾಳಿ ಮುಗಿದ ಮೇಲೆ ಬರಿಹೊಟ್ಟೆಯಲ್ಲಿ ಮಲಗಬೇಡ, ಒಂದು ಬಟ್ಟಲು ಗಂಜಿಯನ್ನಾದರೂ ಕುಡಿ. ನಿಮ್ಮ ಅಡುಗೆಯವನು ಎಲ್ಲಕ್ಕೂ ಸಕ್ಕರೆ ಸುರಿಯುತ್ತಾನೆಂದು ಬರೆದಿದ್ದೆ. ಅಂಥವನನ್ನು ನಿನ್ನ ತಾತ ಮುಂದಿನ ಬಂದರಿನಲ್ಲೇ ಇಳಿಸುತ್ತಿದ್ದರು. ಶಾಂಘೈಯ ಕಂಪನಿ ಕಚೇರಿಗೆ ಈ ಕಾಗದದ ಜೊತೆ ಒಣಗಿಸಿದ ಹಾವುಮೀನನ್ನು ಕಟ್ಟಿ ಕಳಿಸುತ್ತಿದ್ದೇನೆ. ನಿಮ್ಮ ಹಡಗು ಸೋಯಾ ಕಾಳು ತುಂಬಿಸಿಕೊಳ್ಳುವ ಬಂದರಿಗೆ ಅವರು ಮುಟ್ಟಿಸುತ್ತಾರಂತೆ. ಯಾರಾದರೂ ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ಫೋನಿನಲ್ಲಿ ಮಾತಾಡಬಹುದಿತ್ತಲ್ಲ ಎನ್ನಬೇಡ. ಆ ಫೋನು ಹಚ್ಚಿಕೊಡುವವನು ನಿನ್ನಪ್ಪ, ಹಿಂದೆ ನಿಂತು ಕೇಳುವವಳು ನಿನ್ನಮ್ಮ. ನಾನು ಹೇಳಬೇಕಾದದ್ದು ಅವರಿಬ್ಬರ ಬಗ್ಗೆಯೇ.

ವಿಷಯ ಇಷ್ಟು. ನಿನ್ನೆ, ಊರೆಲ್ಲ ಪಿತೃಗಳ ಸಮಾಧಿ ಗುಡಿಸುವ ಹಬ್ಬದ ದಿನ, ನಿನ್ನಪ್ಪ ಕೆಫಾನ್ ಒಂದು ದೋಣಿ ತುಂಬ ಜನರನ್ನು ಕರೆದುಕೊಂಡು ಹೋಗಿ, ಕ್ಯಾಮೆರಾಗಳ ಎದುರು, ಕಪ್ತಾನರ ಬೂದಿಯನ್ನು ಸಮುದ್ರಕ್ಕೆ ಸುರಿದ. ನಾಡಿದ್ದು ಅವನೇ ಗುದ್ದಲಿಯವರನ್ನು ಕರೆದುಕೊಂಡು ಗುಡ್ಡ ಹತ್ತಿ, ನಿನ್ನ ತಾತನ ಹುಲ್ಲಿನ ಸಮಾಧಿಯನ್ನು ಅಗೆಸಲಿದ್ದಾನೆ. ಒಳಗಿರುವ ಹುಲ್ಲುಮನುಷ್ಯನನ್ನು ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಬಾಡಿಗೆ ಕೋಣೆಗಳ ನಡುವಿನ ಹಜಾರದಲ್ಲಿ ಇಡುತ್ತಾನಂತೆ. ಕಪ್ತಾನರ ಅಪರೂಪದ ಕಥೆ ಕೇಳಲು ಊರೂರಿಂದ ಜನ ಬರುತ್ತಾರಂತೆ. ನಾನು ಎಂಬತ್ತೈದು ವರ್ಷದಲ್ಲಿ ಬರ, ಚಂಡಮಾರುತ, ಕ್ರಾಂತಿ, ನನ್ನ ಅತ್ತೆ, ಎಲ್ಲವನ್ನೂ ನೋಡಿದ್ದೇನೆ. ಇಷ್ಟು ಹೇಸಿಗೆ ಯಾವುದರಿಂದಲೂ ಆಗಿರಲಿಲ್ಲ.

ನೀನು ಹೊರಟ ಮೇಲೆ ನಮ್ಮ ಕೆಳಗಿನ ಮನೆ ಏನಾಗಿದೆ ಎಂದು ನಿನಗೆ ಗೊತ್ತಿಲ್ಲ. ಅದೀಗ ‘ಕಪ್ತಾನರ ಮನೆ’ ಎಂಬ ವಸತಿಗೃಹ. ಬಾಗಿಲಲ್ಲಿ ಪ್ಲಾಸ್ಟಿಕ್ಕಿನ ಚುಕ್ಕಾಣಿ ಚಕ್ರ, ಗೋಡೆಯ ತುಂಬ ಮೀನಿನ ಬಲೆ, ಬಲೆಯಲ್ಲಿ ಪ್ಲಾಸ್ಟಿಕ್ಕಿನ ಏಡಿ. ನಿನ್ನ ತಾತ ಜೀವಮಾನದಲ್ಲಿ ಒಂದು ಮೀನು ಹಿಡಿದವರಲ್ಲ. ಅವರು ಕಲ್ಲಿದ್ದಲು ಸಾಗಿಸಿದರು, ಅಕ್ಕಿ ಸಾಗಿಸಿದರು, ಗೊಬ್ಬರ, ಸಿಮೆಂಟು, ಒಮ್ಮೆ ಒಂದು ಹಡಗು ತುಂಬ ಹೊಲಿಗೆ ಯಂತ್ರ. ‘ಬಲೆ ಯಾಕೋ?’ ಎಂದು ಕೇಳಿದರೆ ನಿನ್ನಪ್ಪ ಹೇಳುತ್ತಾನೆ, ‘ಅಮ್ಮಾ, ಗೊಬ್ಬರದ ಮೂಟೆ ಗೋಡೆಗೆ ನೇತು ಹಾಕಿದ್ರೆ ಯಾರು ಬಂದು ಮಲಗ್ತಾರೆ?’ ಅವನ ಮಾತಿನಲ್ಲಿ ಯಾವಾಗಲೂ ಇಷ್ಟೇ ಸತ್ಯ ಇರುತ್ತದೆ, ಮೀನಿನ ಬಾಲದಲ್ಲಿರುವಷ್ಟು ಮಾಂಸ. ಮೆಟ್ಟಿಲ ಕೆಳಗೆ ನಿನ್ನ ತಾತನ ಮುಖವಿರುವ ಮದ್ಯದ ಸೀಸೆಗಳ ಸಾಲು. ಕೋಣೆಯೊಳಗೆ ಸಮುದ್ರದ ಪರಿಮಳ ಎಂದು ಏನನ್ನೋ ಸಿಂಪಡಿಸುತ್ತಾರೆ. ಅದರ ವಾಸನೆ ಶೌಚಾಲಯದ ಸೋಪಿನದು. ಒಂದು ಬಿಳಿ ಸಮವಸ್ತ್ರವನ್ನೂ ಹೊಲಿಸಿದ್ದರು, ಭುಜದ ಮೇಲೆ ಚಿನ್ನದ ಪಟ್ಟಿ, ಹಿತ್ತಾಳೆ ಗುಂಡಿ. ಅದನ್ನು ಒಬ್ಬ ನಟನಿಗೆ ತೊಡಿಸಿ ‘ಯುವ ಕಪ್ತಾನ’ ಎಂದು ನಿನ್ನೆ ದೋಣಿಯ ಮುಂಭಾಗದಲ್ಲಿ ನಿಲ್ಲಿಸಬೇಕೆಂದಿತ್ತು. ನಿನ್ನ ತಾತ ತೊಟ್ಟದ್ದು ನಾನು ತೇಪೆ ಹಾಕಿದ ನೀಲಿ ಹತ್ತಿಯ ಅಂಗಿ, ಮೊಣಕೈ ಹತ್ತಿರ ನಾಲ್ಕು ಬಣ್ಣದ ನೀಲಿ. ದೇವರ ದಯೆ, ಆ ಬಿಳಿ ಸಮವಸ್ತ್ರ ಕಳೆದುಹೋಯಿತು. ನಿನ್ನಮ್ಮ ಚುನ್‌ಲಿ ಅಗಸನ ಮೇಲೆ ಹರಿಹಾಯ್ದಳು, ಅಗಸ ಅವಳ ಮೇಲೆ ಹರಿಹಾಯ್ದ, ನಟ ಮಳೆಕೋಟು ಹಾಕಿಕೊಂಡೇ ನಿಂತ.

ಭಾಷಣಗಳನ್ನು ಕೇಳಬೇಕಿತ್ತು ನೀನು. ನಾವಿಕರ ಸಂಘದಿಂದ ಬಂದವನು, ಹೊಟ್ಟೆಯ ಮೇಲೆ ಅಂಗಿಯ ಗುಂಡಿ ನಿಲ್ಲದವನು, ‘ಕಡಲೇ ಅವರ ತಾಯಿ’ ಎಂದ. ‘ಬಿರುಗಾಳಿಯಲ್ಲಿ ಅವರು ನಗುತ್ತಿದ್ದರು’ ಎಂದ. ಅವರು ಬಿರುಗಾಳಿಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರು. ಕಪ್ತಾನರಾದ ಮೇಲೂ ಪ್ರತಿ ಯಾನದ ಮೊದಲ ದಿನ ಬಕೆಟ್ಟು ಪಕ್ಕದಲ್ಲಿಟ್ಟುಕೊಂಡೇ ನಿಲ್ಲುತ್ತಿದ್ದರು. ಅದನ್ನು ಮುಚ್ಚಿಟ್ಟವರೂ ಅಲ್ಲ. ಸಮುದ್ರ ಇಷ್ಟವೇ ಎಂದು ಯಾರಾದರೂ ಕೇಳಿದರೆ, ‘ಬಂಡಿ ಹೊಡೆಯೋನು ರಸ್ತೆನ ಮುದ್ದು ಮಾಡ್ತಾನೇನ್ರಿ?’ ಎನ್ನುತ್ತಿದ್ದರು. ಆಮೇಲೆ ಒಬ್ಬ ಬಾಡಿಗೆ ಅಳುವವಳು ಬಂದಳು, ಬಿಳಿ ಬಟ್ಟೆ, ಕೆಂಪು ತುಟಿ, ಕೊರಳಿಗೆ ಮೈಕು. ನೆಲದ ಮೇಲೆ ಉರುಳಿ ‘ಅಪ್ಪಾ, ನನ್ನ ಬಿಟ್ಟು ಎಲ್ಲಿ ಹೋದ್ಯಪ್ಪಾ’ ಎಂದು ಕೂಗಿದಳು. ನಿನ್ನಪ್ಪ ಅವಳ ಅಳು ಚೆನ್ನಾಗಿ ಕೇಳಲೆಂದು ತಾನು ಅಳುವುದನ್ನು ನಿಲ್ಲಿಸಿದ. ಊಟಕ್ಕೆ ಹೋಟೆಲಿನಿಂದ ತಂದ ಹಳದಿ ಮೀನು. ಹೊಟ್ಟೆಯವನು ಮೇಲುಭಾಗ ತಿಂದು ಮುಗಿಸಿ, ಊಟದ ಕಡ್ಡಿಯಿಂದ ಮೀನನ್ನು ಮಗುಚಿ ಹಾಕಿದ. ತಟ್ಟೆಯಲ್ಲಿ ಮೀನು ಮಗುಚಿದರೆ ನೀರಲ್ಲಿ ಹಡಗು ಮಗುಚುತ್ತದೆ ಎನ್ನುವ ಹಡಗಿನವರ ಮನೆಯಲ್ಲಿ, ಹಡಗಿನವನ ತಿಥಿಯಲ್ಲಿ, ಮೀನು ಮಗುಚಿದ. ನಾನು ಕಡ್ಡಿ ಕೆಳಗಿಟ್ಟೆ. ‘ಅಜ್ಜಿಗೆ ಹಸಿವಿಲ್ವಂತೆ’ ಎಂದು ಚುನ್‌ಲಿ ಎಲ್ಲರಿಗೂ ಸಾರಿದಳು.

ಅವರು ಹೇಳದೆ ಬಿಟ್ಟದ್ದನ್ನು ನಾನು ನಿನಗೆ ಹೇಳುತ್ತೇನೆ. ನಿನ್ನ ತಾತ ದೇವರಲ್ಲ. ಮನೆಯನ್ನೂ ಹಡಗೆಂದೇ ತಿಳಿದಿದ್ದರು. ಮೊದಲ ವರ್ಷ ನನ್ನನ್ನು ಸಿಳ್ಳೆ ಹಾಕಿ ಕರೆಯುತ್ತಿದ್ದರು. ಹೆಸರಿಟ್ಟು ಕರೆಯುವವರೆಗೆ ನಾನು ಓಗೊಡಲಿಲ್ಲ, ಮೂರು ಹೊತ್ತು ಅನ್ನ ತಾವೇ ಬಡಿಸಿಕೊಂಡರು, ನಾಲ್ಕನೆಯದಕ್ಕೆ ‘ಪೈಜೆನ್’ ಎಂದರು. ಎಲ್ಲೆಂದರಲ್ಲಿ ಉಗುಳುವ ಚಾಳಿ ಬಿಡಿಸಲು ನನಗೆ ಹತ್ತು ವರ್ಷ ಬೇಕಾಯಿತು. ಓದಿಲ್ಲದ ಮನೆಯಿಂದ ಬಂದವರು. ಕಲಿತದ್ದೆಲ್ಲ ಒಬ್ಬ ಮುದಿ ಕಪ್ತಾನನ ಕೈಕೆಳಗೆ. ಸೀಸದ ಗುಂಡಿನ ತಳಕ್ಕೆ ಕುರಿಕೊಬ್ಬು ಮೆತ್ತಿ, ಹಗ್ಗ ಕಟ್ಟಿ ನೀರಿಗೆ ಬಿಟ್ಟರೆ ತಳದ ಕೆಸರು ಕೊಬ್ಬಿಗೆ ಅಂಟಿಕೊಂಡು ಮೇಲೆ ಬರುತ್ತದೆ. ಮಂಜು ಕವಿದಾಗ ಆ ಕೆಸರನ್ನು ಮೂಸಿ, ನಾಲಿಗೆಗೆ ತಾಗಿಸಿ, ಹಡಗು ಯಾಂಗ್‌ತ್ಸೆ ನದಿಯ ಬಾಯಿಗೆ ಎಷ್ಟು ಹತ್ತಿರವಿದೆ ಎಂದು ಹೇಳಬೇಕು. ಅದೇ ನಾಲಿಗೆಯಿಂದ ನನ್ನ ಸಾರಿನ ರುಚಿ ನೋಡುತ್ತಿದ್ದರು ಎಂದು ನೆನೆಸಿಕೊಂಡರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಕೆಸರಿನ ರುಚಿಯಿಂದ ಕಪ್ತಾನಗಿರಿಯ ಪರೀಕ್ಷೆ ಪಾಸಾಗುವುದಿಲ್ಲ. ಕೋನಗಳ ಲೆಕ್ಕ, ನಕ್ಷತ್ರದ ಎತ್ತರ ತೆಗೆಯುವ ಲೆಕ್ಕ, ಅದನ್ನು ಕಲಿಸಿದವಳು ನಾನು, ಇದೇ ಅಡುಗೆಮನೆಯ ಮೇಜಿನ ಮೇಲೆ, ನಿನ್ನಪ್ಪ ಬೆನ್ನಿಗಿದ್ದಾಗ. ತಪ್ಪು ಮಾಡಿದಾಗೆಲ್ಲ ಬೆರಳಿನ ಗೆಣ್ಣಿಗೆ ಸೌಟಿನಿಂದ ಹೊಡೆದಿದ್ದೇನೆ. ಅವರ ಕಪ್ತಾನಗಿರಿಯ ಅರ್ಧ ನನ್ನದು. ನಿನ್ನೆ ಯಾವ ಭಾಷಣದಲ್ಲೂ ಆ ಸೌಟು ಬರಲಿಲ್ಲ.

ಹುಲ್ಲಿನ ಸಮಾಧಿಯ ಕಥೆ ನಿನಗೆ ಅರ್ಧ ಗೊತ್ತು. ನಿನ್ನಪ್ಪನಿಗೆ ಮೂರು ವರ್ಷ. ಅವರು ಆಗ ಒಂದು ಸಣ್ಣ ಕಲ್ಲಿದ್ದಲಿನ ಹಡಗಿನಲ್ಲಿ ಎರಡನೆಯ ಸ್ಥಾನದಲ್ಲಿದ್ದರು. ಚಂಡಮಾರುತಕ್ಕೆ ಆ ಹಡಗು ಮುಳುಗಿತು, ಒಬ್ಬನೂ ಉಳಿದಿಲ್ಲ ಎಂದು ಸುದ್ದಿ ಬಂತು. ನನ್ನ ಅತ್ತೆ ಎರಡು ತಿಂಗಳು ಕಾದರು, ಹೆಣವೂ ಬರಲಿಲ್ಲ. ಹೆಣ ಸಿಗದವನಿಗೆ ನಮ್ಮಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಮೂಢನಂಬಿಕೆ ಎಂದು ಮೇಲಿನವರ ನಿಷೇಧವಿತ್ತು, ಆದರೆ ಆ ದಿನ ಇಡೀ ಊರು ಕಂಡೂ ಕಾಣದ ಹಾಗೆ ಕುರುಡಾಯಿತು. ಭತ್ತದ ಹುಲ್ಲಿನಿಂದ ಆಳೆತ್ತರದ ಮನುಷ್ಯನನ್ನು ಕಟ್ಟಿ, ಅವರ ಮದುವೆಯ ಅಂಗಿ ತೊಡಿಸಿದೆವು. ಸಂಜೆ ಭರತ ಏರುವ ಹೊತ್ತಿಗೆ ದಡಕ್ಕೆ ಹೋಗಿ ಹುಂಜ ಹಿಡಿದುಕೊಂಡು ನಿಂತೆವು. ಅತ್ತೆ ನೀರಿನ ಕಡೆ ತಿರುಗಿ, ‘ಶೌಝಂಗ್, ನೀರು ತಣ್ಣಗಿದೆ, ಮನೆಗೆ ಬಾ’ ಎಂದು ಕರೆದರು. ಸತ್ತವನ ಪರವಾಗಿ ಮಗು ಓಗೊಡಬೇಕು. ನನ್ನ ಕೈ ಹಿಡಿದಿದ್ದ ನಿನ್ನಪ್ಪ, ಹೇಳಿಕೊಟ್ಟ ಹಾಗೆ, ‘ಬಂದೆ, ಬಂದೆ’ ಎಂದ. ಆ ದನಿ ನನಗೆ ಇನ್ನೂ ಕೇಳುತ್ತದೆ. ಅದೇ ಬಾಯಿ ಈಗ ಮೈಕಿನಲ್ಲಿ ಮಾತಾಡುತ್ತದೆ. ಹೀಗೆ ಅವರ ಪ್ರಾಣವನ್ನು ಹುಲ್ಲಿನೊಳಗೆ ಕರೆದು, ಇಟ್ಟಿಗೆಯ ಗೂಡು ಕಟ್ಟಿ, ಹೆಸರಿನ ಕಲ್ಲು ನಿಲ್ಲಿಸಿ, ಗುಡ್ಡದ ಮೇಲೆ ಹೂತೆವು.

ಮುಂದಿನ ವಸಂತದಲ್ಲಿ ಅವರು ನಡೆದುಕೊಂಡು ಬಂದರು. ಗ್ರೀಕರ ಹಡಗೊಂದು ಅವರನ್ನು ನೀರಿನಿಂದ ಎತ್ತಿ ಕೊಲಂಬೊದಲ್ಲಿ ಇಳಿಸಿತ್ತು. ಅಲ್ಲಿ ಜ್ವರದಲ್ಲಿ ಮಲಗಿ, ಆಮೇಲೆ ನಮ್ಮವರ ಅಕ್ಕಿಯ ಹಡಗಿನಲ್ಲಿ ಬಂದು, ಪರದೇಶದ ಹಡಗು ಹತ್ತಿದ್ದು ಯಾಕೆ ಎಂಬ ವಿಚಾರಣೆಗೆ ಶಾಂಘೈಯಲ್ಲಿ ಕೂತು, ಕೊನೆಗೆ ಮನೆಬಾಗಿಲಿಗೆ. ಗಡ್ಡದ ತುಂಬ ಹೇನು, ಮೈಗೆ ಇಲಿ ಸತ್ತ ವಾಸನೆ. ಅತ್ತೆ ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತರು. ‘ದೆವ್ವ ಆಗಿದ್ರೆ ಅಲ್ಲೇ ನಿಲ್ಲು, ಧೂಪ ಹಾಕ್ತೀನಿ.’ ‘ಅಮ್ಮಾ, ದೆವ್ವಕ್ಕೆ ಧೂಪ ಸಾಕು. ನನಗೆ ಅನ್ನ ಬೇಕು.’ ‘ಹಾಗಾದ್ರೆ ನಿನಗೋಸ್ಕರ ಕೊಯ್ದ ಹುಂಜ?’ ‘ಅದರ ದುಡ್ಡು ದುಡಿದು ಕೊಡ್ತೀನಿ, ಪೊರಕೆ ಇಳಿಸು.’ ಅತ್ತೆ ಪೊರಕೆ ಇಳಿಸಿದರು, ಆದರೆ ಬಾಗಿಲಿಂದ ಒಳಗೆ ಬಿಡಲಿಲ್ಲ, ಅಡುಗೆಮನೆಯ ಕಿಟಕಿಯಿಂದ ಹತ್ತಿಸಿಕೊಂಡರು. ಸತ್ತವನೆಂದು ಹೊರಗೆ ಹೋದವನು ಹೋದ ದಾರಿಯಲ್ಲಿ ಬರಬಾರದಂತೆ. ನಾನು ಆ ದಿನ ಅಳಲಿಲ್ಲ. ಅವರ ತಲೆ ಬೋಳಿಸಿ, ಬಟ್ಟೆ ಸುಟ್ಟು, ಸುಡುನೀರಿನಲ್ಲಿ ತಿಕ್ಕಿದೆ, ಅಷ್ಟೇ.

ಆದರೆ ಸಮಾಧಿ ಉಳಿಯಿತು. ಒಮ್ಮೆ ಹೆಸರು ಕೇಳಿಸಿಕೊಂಡ ಮಣ್ಣು ಬರಿಗೈಯಲ್ಲಿ ಸುಮ್ಮನಿರುವುದಿಲ್ಲ, ತೆರೆದರೂ ಕೇಡು, ಬಿಟ್ಟರೂ ಕೇಡು ಎಂದು ಹಿರಿಯರು ಹೇಳಿದರು. ಪ್ರತಿ ಚಿಂಗ್‌ಮಿಂಗ್‌ಗೆ ನಿನ್ನ ತಾತ ಗುಡ್ಡ ಹತ್ತಿ, ತಮ್ಮ ಹೆಸರಿನ ಮುಂದೆ ತಾವೇ ಮಂಡಿಯೂರಿ ಕಳೆ ಕೀಳುತ್ತಿದ್ದರು. ‘ನನ್ನ ತಿಥಿ ನಾನೇ ಮಾಡ್ತೀನಿ, ಮಗನ್ನ ನಂಬೋಕಾಗಲ್ಲ’ ಎಂದು ನಗುತ್ತಿದ್ದರು. ಆ ತಮಾಷೆ ಎಷ್ಟು ಸರಿಯಾಗಿತ್ತು ಎಂದು ನನಗೆ ನಿನ್ನೆ ಗೊತ್ತಾಯಿತು. ನೀನು ಚಿಕ್ಕವಳಿದ್ದಾಗ ಬುಟ್ಟಿ ಹೊತ್ತುಕೊಂಡು ನಮ್ಮ ಜೊತೆ ಬರುತ್ತಿದ್ದೆ. ಬುಟ್ಟಿಯಲ್ಲಿ ಹಸಿರು ಅಕ್ಕಿಯುಂಡೆ, ಹಳದಿ ಮದ್ಯ, ಮತ್ತು ಎರಡು ಬಟ್ಟಲು. ‘ತಾತ, ಒಬ್ಬರಿಗೆ ಎರಡು ಬಟ್ಟಲು ಯಾಕೆ?’ ಎಂದು ಕೇಳಿದ್ದೆ. ‘ಒಂದು ನನಗೆ ಕಣೆ, ಇನ್ನೊಂದು ನನ್ನ ಜಾಗ ಹಿಡಿದಿಟ್ಟವನಿಗೆ’ ಎಂದಿದ್ದರು. ನೀನು ಹುಲ್ಲಿನ ಗೊಂಬೆಗೆ ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಈಗ ಉಳಿದ ಅರ್ಧ ಕೇಳು.

ಕಪ್ತಾನರಾಗಿ ಕೆಲವೇ ವರ್ಷವಾಗಿತ್ತು. ಸಾಂಸ್ಕೃತಿಕ ಕ್ರಾಂತಿಯ ಕಾಲ. ಗೊಬ್ಬರ ತುಂಬಿಕೊಂಡು ಬರುವಾಗ ನೀರಿನ ಮೇಲೆ ಒಂದು ಹೆಣ ಕಂಡಿತು. ತೇಲುವ ಹೆಣವನ್ನು ನಮ್ಮವರು ಹೆಣ ಎನ್ನುವುದಿಲ್ಲ, ‘ಒಳ್ಳೆಯ ತಮ್ಮ’ ಎನ್ನುತ್ತಾರೆ. ಕಂಡ ಮೇಲೆ ದಾಟಿ ಹೋಗುವ ಹಾಗಿಲ್ಲ. ಹಡಗಿನಲ್ಲಿದ್ದ ಪಕ್ಷದ ಮನುಷ್ಯ ಗಡಿಯಾರ ತೋರಿಸಿ, ‘ಕಪ್ತಾನರೇ, ಸತ್ತವನು ಎಲ್ಲಿಗೂ ತಡ ಆಗಿ ಹೋಗಲ್ಲ, ಗೊಬ್ಬರಕ್ಕೆ ತಡ ಆಗುತ್ತೆ’ ಎಂದನಂತೆ. ನಿನ್ನ ತಾತ ಯಂತ್ರ ನಿಲ್ಲಿಸಿದರು. ‘ನಾನು ನೀರಲ್ಲಿ ಇದ್ದಾಗ ಒಂದು ಹಡಗು ನಿಲ್ಲದೆ ಹೋಯ್ತು, ಇನ್ನೊಂದು ನಿಂತಿತು. ನಾನು ಯಾವುದು ಅಂತ ನನಗೆ ಗೊತ್ತಿರ್ಬೇಕು’ ಎಂದರು. ಆ ಮಾತನ್ನು ಅವರು ಆ ಒಂದು ಸಲ ಬಿಟ್ಟರೆ ಮತ್ತೆಂದೂ ಆಡಲಿಲ್ಲ. ಹಡಗಿನ ಅಡುಗೆಯವನಿಂದ ನನಗೆ ತಿಳಿದದ್ದು. ತಾವೇ ದೋಣಿ ಇಳಿಸಿ, ‘ತಮ್ಮಾ, ಬರ್ತೀಯಾ, ಮನೆಗೆ ಕರ್ಕೊಂಡು ಹೋಗ್ತೀನಿ’ ಎಂದು ಕೇಳಿ, ಎತ್ತಿ ತಂದರು. ಬಂದರಿನಲ್ಲಿ ಯಾರಿಗೂ ಅವನು ಬೇಡವಾದ. ಯಾವ ಊರಿನಲ್ಲೂ ಅಂಥ ಒಬ್ಬ ಕಾಣೆಯಾಗಿರಲಿಲ್ಲ. ಒಳಅಂಗಿಯ ಹೊಲಿಗೆ ನೋಡಿ ಜಲಸಂಧಿಯ ಆಚೆಗೆ ಓಡಿಹೋದ ಹಳೆಯ ಸರ್ಕಾರದ ಕಡೆಯವನು, ಶತ್ರು ಎಂದರು. ಶತ್ರುವಿಗೆ ಸ್ಮಶಾನವಿಲ್ಲ, ಸುಣ್ಣದ ಗುಂಡಿಗೆ ಎಸೆಯಿರಿ ಎಂದು ಅಪ್ಪಣೆಯಾಯಿತು. ನಿನ್ನ ತಾತ ಸರಿ ಎಂದು ತಲೆಯಾಡಿಸಿ, ಗುಂಡಿಗೆ ಒಯ್ಯುವ ಗಾಡಿಯನ್ನು ನಮ್ಮ ಹಿತ್ತಿಲಿಗೆ ತಿರುಗಿಸಿದರು.

ನಾನು ಆ ದೇಹವನ್ನು ತೊಳೆದೆ ರೂಯಿ. ಮುಖ ಅಂತ ಉಳಿದಿರಲಿಲ್ಲ. ನನಗೆ ಹೇಸಿಗೆಯಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ವಾಂತಿ ಮಾಡಿಕೊಂಡೆ, ಬಾಯಿ ತೊಳೆದು ಬಂದು ಮತ್ತೆ ಕೂತೆ. ಹಲ್ಲುಗಳು ಎಳೆಯವು, ಇಪ್ಪತ್ತು ದಾಟಿರಲಿಕ್ಕಿಲ್ಲ. ಅತ್ತೆ ಪಕ್ಕದಲ್ಲಿ ನಿಂತು, ‘ಮಣ್ಣು ಒಬ್ಬನ್ನ ಕೇಳ್ತಿತ್ತು, ಇವನ್ನ ಕೊಡೋಣ, ನನ್ನ ಮಗನ್ನ ಬಿಟ್ಟುಬಿಡಲಿ’ ಎಂದು ಗೊಣಗುತ್ತಿದ್ದರು. ಪುಣ್ಯಕ್ಕಾಗಿ ಮಾಡಿದವರೆಷ್ಟು, ಭಯಕ್ಕಾಗಿ ಮಾಡಿದವರೆಷ್ಟು ಎಂದು ನಾನು ಬಿಡಿಸಿ ನೋಡಲು ಹೋಗಿಲ್ಲ. ಮೂವರೂ ಸೇರಿ ಗುಡ್ಡಕ್ಕೆ ಒಯ್ದೆವು. ಗೂಡು ತೆರೆದರೆ ಹುಲ್ಲು ಆಗಲೇ ಕೊಳೆತು, ಮದುವೆಯ ಅಂಗಿಯೊಳಗೆ ಒಂದು ಹಿಡಿ ಕಪ್ಪು ಪುಡಿ. ಅದನ್ನು ಬದಿಗೆ ಸರಿಸಿ ಅವನನ್ನು ಮಲಗಿಸಿದೆವು. ಕಲ್ಲಿನ ಮೇಲೆ ಹೆಸರು ವೆಂಗ್ ಶೌಝಂಗ್. ಒಳಗೆ ಯಾರದೋ ತಾಯಿಯ ಮಗ. ಆಗ ನಿನ್ನಪ್ಪ ನಿಂಗ್ಬೊದಲ್ಲಿ ನನ್ನ ತಮ್ಮನ ಮನೆಯಲ್ಲಿ ಓದುತ್ತಿದ್ದ. ಮೊದಮೊದಲು ಜೀವಭಯಕ್ಕೆ ಹೇಳಲಿಲ್ಲ. ಆಮೇಲೆ ಹೇಳುವ ಅಗತ್ಯ ಬರಲಿಲ್ಲ. ಈಗ ಹೇಳಬಹುದಿತ್ತು. ಆದರೆ ಹುಲ್ಲಿಗೇ ಗಾಜಿನ ಪೆಟ್ಟಿಗೆ ಮಾಡಿಸಿದವನು ಎಲುಬಿಗೆ ಏನು ಮಾಡಿಸುತ್ತಾನೋ ಎಂದು ಯೋಚಿಸಿ ಬಾಯಿ ಮುಚ್ಚಿಕೊಂಡೆ.

ಬೇಡ ಎಂದು ನಾನು ಹೇಳಲಿಲ್ಲವೆಂದು ತಿಳಿಯಬೇಡ. ಹೋದ ತಿಂಗಳು ಊಟದ ಮೇಜಿನಲ್ಲಿ ಸ್ಪಷ್ಟವಾಗಿ ಹೇಳಿದೆ. ‘ನಿಮ್ಮಪ್ಪ ಸಾಯುವ ಮೊದಲು ನನ್ನ ಕೈ ಹಿಡಿದು ಒಂದೇ ಮಾತು ಕೇಳಿದ್ದಾರೆ, ನನ್ನನ್ನು ನೀರಿಗೆ ಹಾಕಬೇಡ, ಗುಡ್ಡದ ಮೇಲೆ ನನ್ನ ಜಾಗದಲ್ಲಿ ಇಡು ಅಂತ. ಅಗೆಯುವುದೂ ಇಲ್ಲ, ಸುರಿಯುವುದೂ ಇಲ್ಲ.’ ನಿನ್ನಪ್ಪ ಏಡಿ ಒಡೆಯುತ್ತಿದ್ದ, ಕೈ ನಿಲ್ಲಿಸಲಿಲ್ಲ. ‘ಅಮ್ಮಾ, ಜನರನ್ನ ಕರೆದಾಗಿದೆ. ಅಪ್ಪ ಈಗ ಬರೀ ನಮ್ಮಪ್ಪ ಅಲ್ಲ, ಇಡೀ ದ್ವೀಪದ ಆಸ್ತಿ. ಆ ಗುಂಡಿಲಿ ಏನಿದೆ ಹೇಳಿ, ಹುಲ್ಲು ತಾನೆ? ಹುಲ್ಲಿಗೆ ಇಷ್ಟು ಮರ್ಯಾದೆ ಎತ್ತು ಕೂಡ ಕೊಡಲ್ಲ.’ ಚುನ್‌ಲಿ, ‘ಅತ್ತೆ, ಪೆಟ್ಟಿಗೆ ಒಳಗೆ ಸಣ್ಣ ಲೈಟು ಬರುತ್ತೆ, ತುಂಬ ಚೆನ್ನಾಗಿ ಕಾಣ್ಸುತ್ತೆ’ ಎಂದಳು. ಅವಳ ತುಟಿಯಲ್ಲಿ ಏಡಿಯ ಹಳದಿ ಅಂಟಿತ್ತು. ನಾನು ಎದ್ದು ಕೈ ತೊಳೆದೆ. ನನ್ನ ಮೌನವನ್ನು ಅವನು ಒಪ್ಪಿಗೆ ಎಂದುಕೊಂಡ. ಅವನ ಅಪ್ಪ ಆ ತಪ್ಪನ್ನು ಅರವತ್ತೈದು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ.

ನಿನ್ನೆ ದೋಣಿಯ ಮೇಲೆ ನನಗೂ ಒಂದು ಕುರ್ಚಿ ಹಾಕಿದ್ದರು, ರಿಬ್ಬನ್ನು ಕಟ್ಟಿದ್ದು. ನಿನ್ನಪ್ಪ ಕೆಂಪು ಬಟ್ಟೆ ಬಿಚ್ಚಿ, ಬೂದಿಯ ಕರಡಿಗೆಯನ್ನು ಎತ್ತಿ ಹಿಡಿದು, ಕ್ಯಾಮೆರಾದವನು ‘ಇನ್ನೊಂದು ಸಲ ಸಾರ್’ ಎಂದದ್ದಕ್ಕೆ ಇಳಿಸಿ ಮತ್ತೊಮ್ಮೆ ಎತ್ತಿ, ಸುರಿದ. ಬೂದಿ ಮುಳುಗಲಿಲ್ಲ. ಗಾಳಿಗೆ ಮೇಲೆದ್ದು ಅರ್ಧ ದೋಣಿಗೇ ವಾಪಸು ಬಂತು, ಬಾಡಿಗೆ ಅಳುವವಳ ಕೆಂಪು ತುಟಿಗೆ ಮೆತ್ತಿಕೊಂಡಿತು. ಅವಳು ಥೂ ಥೂ ಎಂದು ಉಗಿದದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿತು. ಉಳಿದದ್ದು ನೀರಿನ ಮೇಲೆ ತೆಪ್ಪದ ಹಾಗೆ ದೋಣಿಯ ಪಕ್ಕವೇ ತೇಲುತ್ತ ಬಂತು. ನಿನ್ನ ತಾತನ ಮುಖದ ಸೀಸೆಗಳನ್ನು ತಂದಿಟ್ಟ ಮದ್ಯದ ವ್ಯಾಪಾರಿ ಕಣ್ಣೊರೆಸಿಕೊಂಡು, ‘ನೋಡಿ, ಕಪ್ತಾನರಿಗೆ ನಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ’ ಎಂದ. ಹೊಟ್ಟೆಯವನು ಹೌದು ಹೌದು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು, ಬೂದಿಗೆ. ನಾನು ನೆಟ್ಟಗೆ ಕೂತಿದ್ದೆ. ‘ಅಜ್ಜಿ ಎಷ್ಟು ಗಟ್ಟಿ’ ಎಂದು ಯಾರೋ ಹೇಳಿದರು.

ಕೈ ನೋಯುತ್ತಿದೆ, ಮುಗಿಸುತ್ತೇನೆ. ಉಪ್ಪುನೀರಿನಲ್ಲಿ ಕೂದಲು ತೊಳೆಯಬೇಡ, ಮೇಲಿನವರ ಎದುರು ಅನಗತ್ಯವಾಗಿ ನಗಬೇಡ, ಕೆಳಗಿನವರ ಎದುರು ಅನಗತ್ಯವಾಗಿ ಮುಖ ಗಂಟಿಕ್ಕಬೇಡ. ನಿನ್ನ ಹಡಗಿನ ಕೆಳಗೆ ನೀರು ಯಾವಾಗಲೂ ಸಾಕಷ್ಟಿರಲಿ. ನೀನು ಕಪ್ತಾನಳಾಗುವುದನ್ನು ನೋಡಿಯೇ ನಾನು ಹೊರಡುವುದು. ಆದ್ದರಿಂದ ಬೇಗ ಓದು.

ನಿನ್ನ ಅಜ್ಜಿ,
ಲೆ ಪೈಜೆನ್

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಸಮುದ್ರಕ್ಕೆ ಹೋದದ್ದು ನಿನ್ನ ತಾತನಲ್ಲ. ಹಬ್ಬಕ್ಕೆ ಮುಂಚೆ ನಿನ್ನಪ್ಪ ಅಮ್ಮ ಗಾಜಿನ ಪೆಟ್ಟಿಗೆ ತರಲು ನಿಂಗ್ಬೊಗೆ ಹೋದ ದಿನ, ನಾನು ಹಿತ್ತಿಲಲ್ಲಿ ಕೂತು ಭತ್ತದ ಹುಲ್ಲಿನಿಂದ ಇನ್ನೊಬ್ಬ ಮನುಷ್ಯನನ್ನು ಕಟ್ಟಿ, ಆ ಬಿಳಿ ಸಮವಸ್ತ್ರವನ್ನು ತೊಡಿಸಿ, ಒಲೆಗೆ ಹಾಕಿದೆ. ಕರಡಿಗೆಯಲ್ಲಿ ತುಂಬಿದ್ದು ಆ ಬೂದಿ. ಹಿತ್ತಾಳೆ ಗುಂಡಿಗಳನ್ನು ಮೊದಲೇ ಕತ್ತರಿಸಿ ತೆಗೆದಿದ್ದೇನೆ, ನಿನಗೆ ಬೇಕಾದರೆ ಇವೆ. ನಿನ್ನ ತಾತನ ನಿಜವಾದ ಬೂದಿಯನ್ನು ಅವರ ಹಳೆಯ ಎಣ್ಣೆಬಟ್ಟೆಯ ಕೋಟಿನಲ್ಲಿ ಸುತ್ತಿ, ಗಾರೆ ಕೆಲಸದ ಯೂನನ್ನು ಕರೆದುಕೊಂಡು ಗುಡ್ಡ ಹತ್ತಿದೆ. ‘ಹುಲ್ಲಿಗೆ ಇಷ್ಟು ಸಿಮೆಂಟ್ ಯಾಕಜ್ಜಿ, ಎದ್ದು ಓಡಿ ಹೋಗುತ್ತಾ?’ ಎಂದು ದಾರಿಯುದ್ದಕ್ಕೂ ಗೇಲಿ ಮಾಡಿದ. ಚಪ್ಪಡಿ ಎತ್ತಿದಾಗ ಹುಲ್ಲಿನವನಿಗೆ ಹಲ್ಲಿರುವುದನ್ನು ಕಂಡ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಆಮೇಲೆ ಸಿಮೆಂಟು ಕಲಸಿದ. ಇಬ್ಬರೂ ಪಕ್ಕಪಕ್ಕದಲ್ಲಿದ್ದಾರೆ. ಕಲ್ಲಿನ ಮೇಲೆ ಹೆಸರಿನ ಕೆಳಗೆ ‘ಮತ್ತು ಒಳ್ಳೆಯ ತಮ್ಮ’ ಎಂದು ಕೆತ್ತಿಸಿದ್ದೇನೆ. ನಾಡಿದ್ದು ಗುದ್ದಲಿಯವರು ಬರುವ ಮೊದಲೇ ನಾನು ಅಲ್ಲಿ ನನ್ನ ಸ್ಟೂಲು ಹಾಕಿಕೊಂಡು ಕೂತಿರುತ್ತೇನೆ. ಒಳಗಿರುವುದು ನಿನ್ನಪ್ಪ ಕಣೋ ಎಂದು ಕೆಫಾನನ ಕಿವಿಯಲ್ಲಿ ಹೇಳುತ್ತೇನೆ. ಅಗೆದರೆ ಸ್ವಂತ ಅಪ್ಪನ ಸಮಾಧಿ ಅಗೆದ ಮಗನಾಗುತ್ತಾನೆ, ಬಾಯಿಬಿಟ್ಟರೆ ಕ್ಯಾಮೆರಾದ ಎದುರು ಹುಲ್ಲಿನ ಬೂದಿ ಸುರಿದ ಮಗನಾಗುತ್ತಾನೆ. ನನ್ನ ನಂತರ ಪ್ರತಿ ಚಿಂಗ್‌ಮಿಂಗ್‌ಗೆ ಎರಡು ಬಟ್ಟಲು ತೆಗೆದುಕೊಂಡು ಹೋಗಬೇಕಾದವಳು ನೀನು. ಇವತ್ತು ಬೆಳಿಗ್ಗೆ ಹೋಗಿ ಬೆರಳೊತ್ತಿ ನೋಡಿ ಬಂದೆ. ಸಿಮೆಂಟು ಗಟ್ಟಿಯಾಗಿದೆ.